ಭಾರ ಹೊರುವ ಗೋಡೆ

ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತು ವರ್ಷ ಮರದ ಹಲಗೆಯ ಮೇಲೆ ಕಟ್ಟಡಗಳ ನಕ್ಷೆ ಬರೆದವಳು. ಕಂಪ್ಯೂಟರ್ ಬಂದಾಗ ಮಾಲೀಕರು, "ನಲವತ್ತೈದು ದಾಟಿದವರ ತಲೆಗೆ ಇದು ಹತ್ತಲ್ಲ" ಎಂದಿದ್ದರು. ಗೆರೆಯಕ್ಕ ಹಟ ತೊಟ್ಟು ಮೂರೇ ತಿಂಗಳಲ್ಲಿ ಅದನ್ನೂ ಪಳಗಿಸಿಕೊಂಡಳು. ನೂರಾರು ತಿರುವುಗಳ ಗೋಡೆಗೆರೆಯಲ್ಲಿ ಒಂದು ಮೂಲೆ ಕೂದಲೆಳೆಯಷ್ಟು ಜರುಗಿದ್ದರೂ ಸಾಕು, ಕಣ್ಣಿಗೆ ಬಿದ್ದ ಮರಳಿನಂತೆ ಅವಳನ್ನು ಚುಚ್ಚುತ್ತಿತ್ತು.

ಅಂದು ಬೆಳಿಗ್ಗೆ ಮಾಲೀಕರು ಅವಳ ಕುರ್ಚಿಯ ಹಿಂದೆ ಬಂದು ನಿಂತರು. ಬಟ್ಟೆ ಅಂಗಡಿಯ ಒಡತಿ ಹೊರಕೋಣೆಯಲ್ಲಿ ಕಾಯುತ್ತಿದ್ದಳು. ಅವಳ ಹಳೆಯ ಕಟ್ಟಡದ ನಡುಗೋಡೆ ಒಡೆದು ಅಂಗಡಿಯನ್ನು ಅಗಲ ಮಾಡಿಕೊಡುವುದಾಗಿ ಮಾಲೀಕರು ಮಾತು ಕೊಟ್ಟಿದ್ದರು.

"ಈ ಗೋಡೆಗೆ ತುಂಬಿರೋ ಓರೆಗೀರು ತೆಗ್ದು ಚುಕ್ಕಿ ಹಾಕ್ಬಿಡಿ ಅಕ್ಕ. ನಗರಸಭೆ ಒಪ್ಪಿಗೆ ಬೇಗ ಸಿಗುತ್ತೆ."

ನಕ್ಷೆಯಲ್ಲಿ ಓರೆಗೀರು ಎಂದರೆ ಭಾರ ಹೊರುವ ಗೋಡೆ; ಚುಕ್ಕಿ ಎಂದರೆ ಒಡೆದರೂ ಏನೂ ಆಗದ ತೆಳುಗೋಡೆ.

"ಮೇಲಿನ ಮಹಡೀಲಿ ಜನ ಇದಾರೆ ಸಾರ್. ಚುಕ್ಕಿ ಹಾಕಿದ ಮಾತ್ರಕ್ಕೆ ಭಾರ ಇಳಿಯುತ್ತಾ? ನಾನು ಹಾಕಲ್ಲ."

"ಒಂದು ಗುಂಡಿ ಒತ್ತೋಕೆ ಇಷ್ಟು ಭಾಷಣನಾ? ಏಳಿ, ನಾನೇ ಮಾಡ್ತೀನಿ."

ಅವಳು ಎದ್ದು ಕೈಕಟ್ಟಿ ನಿಂತಳು. ಮಾಲೀಕರು ಮೌಸ್ ಮುಟ್ಟಿ ವರ್ಷಗಳೇ ಆಗಿದ್ದವು. ಗೀರುಗಳ ಮೇಲೆ ಒತ್ತಿ, ಪಟ್ಟಿಯಿಂದ ಚುಕ್ಕಿಯನ್ನು ಆರಿಸಿದರು. ಆ ಮಹಡಿಯ ಗೋಡೆಗಳಿಗೆಲ್ಲ ಒಂದೇ ಸಲ ಗೀರು ತುಂಬಿದ್ದರಿಂದ ಕಂಪ್ಯೂಟರಿನ ಪಾಲಿಗೆ ಅವೆಲ್ಲ ಒಂದೇ ವಸ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಗೋಡೆಗಳೂ ಚುಕ್ಕಿಮಯವಾದವು.

"ಭೇಷ್ ಸಾರ್! ಈಗ ಮೇಲಿನ ಮನೆ ಗಾಳಿಯಲ್ಲೇ ನಿಂತಿದೆ."

ಪಕ್ಕದ ಮೇಜಿನ ಗುಮಾಸ್ತ ನಗು ತಡೆಯಲಾರದೆ ಕೆಮ್ಮಿದ. ಮಾಲೀಕರ ಮುಖ ಕೆಂಪೇರಿತು.

"ಒಂದೊಂದು ಗೋಡೇನೂ ಬೇರೆ ಬೇರೆಯಾಗಿ ಬಿಡಿಸೋದು ನಿಮಗೆ ಗೊತ್ತಲ್ಲ, ಬಿಡಿಸಿ ಕೊಡಿ."

"ಗೊತ್ತು. ಆದ್ರೆ ಈ ಕೆಲಸಕ್ಕೆ ಬಿಡಿಸಲ್ಲ."

"ಹಾಗಾದ್ರೆ ನಾಳೆಯಿಂದ ಬರ್ಬೇಡಿ."

ಅವಳ ಗಂಡ ಬೆನ್ನುನೋವಿನಿಂದ ಹಾಸಿಗೆ ಹಿಡಿದು ವರ್ಷವಾಗಿತ್ತು; ಮನೆ ನಡೆಯುತ್ತಿದ್ದುದು ಅವಳೊಬ್ಬಳ ದುಡಿಮೆಯಿಂದ. ಆದರೂ ಅವಳು ಬಾಗಿ ಮೌಸ್ ಹಿಡಿದು ಓರೆಗೀರುಗಳನ್ನು ಮರಳಿ ತಂದಳು. ನಕ್ಷೆಯನ್ನು ಹಾಳೆಯ ಮೇಲೆ ಮುದ್ರಿಸಿಕೊಂಡು ನೇರವಾಗಿ ಹೊರಕೋಣೆಗೆ ನಡೆದಳು. ಮಾಲೀಕರು "ಅಕ್ಕ, ಅಕ್ಕ" ಎನ್ನುತ್ತ ಹಿಂದೆಯೇ ಬಂದರು.

"ಅಮ್ಮಾ, ಈ ಗೋಡೆ ಒಡೆಸಿದ್ರೆ ಮೇಲಿನವರು ಮೆಟ್ಟಿಲಿಲ್ದೆ ನಿಮ್ಮ ಅಂಗಡಿಗೆ ಇಳೀತಾರೆ. ಅಗಲ ಬೇಕೇ ಬೇಕು ಅಂದ್ರೆ ಮೊದಲು ಇಂಜಿನಿಯರ್ ಹತ್ರ ಭಾರದ ಲೆಕ್ಕ ಹಾಕಿಸಿ ಉಕ್ಕಿನ ತೊಲೆ ಕೂರಿಸ್ಬೇಕು."

ಒಡತಿ ಹಾಳೆಯನ್ನೊಮ್ಮೆ, ಮಾಲೀಕರನ್ನೊಮ್ಮೆ ನೋಡಿದಳು. "ಮೇಲೆ ಇರೋದು ನನ್ನ ತಂಗಿ ಕಣ್ರೀ! ನೀವು ಈ ಮಾತು ಹೇಳಲೇ ಇಲ್ವಲ್ಲ?"

"ನಾಳೆ ನಾನು ಬರ್ತೀನಿ ಸಾರ್," ಎಂದಳು ಗೆರೆಯಕ್ಕ. "ಬೇಡ ಅಂತಿದ್ರೆ ಕಾರಣ ಬರೆದು ಕೊಡಿ. ಈ ಅಮ್ಮನ ಎದುರಿಗೇ ಕೊಡಿ."

ಮಾಲೀಕರು ಪೆನ್ನಿಗೆ ಕೈಹಾಕಲಿಲ್ಲ. ಅವಳು ಒಳಗೆ ಹೋಗಿ, ಕುರ್ಚಿ ಎಳೆದು ಕುಳಿತು, ಅಲ್ಲಿಂದಲೇ ಕೂಗಿ ಕೇಳಿದಳು: "ತೊಲೆಯ ಲೆಕ್ಕ ಯಾವಾಗ ಹಾಕಿಸಿ ಕೊಡ್ತೀರಿ ಸಾರ್?"