ಚಾವಿ ಬೇಡದ ವಾಚು

ನನ್ನ ಮೊದಲ ಸಂಬಳದಲ್ಲಿ ಅಪ್ಪನಿಗೆ ಒಂದು ಕ್ವಾರ್ಟ್ಜ್ ವಾಚು ತಂದುಕೊಟ್ಟೆ. ಅದು ಛಲೋ ಐತಿ ಎಂದು ಅವರ ಬಾಯಿಂದ ಒಂದು ಸಲ, ಒಂದೇ ಒಂದು ಸಲ ಕೇಳಬೇಕೆಂದು ಮೂವತ್ತು ವರ್ಷ ಕಾದೆ. ನಾನು ಹಟಮಾರಿ ಮಗಳು. ಅಪ್ಪ ಹಟದಲ್ಲಿ ನನಗಿಂತ ಒಂದು ಕೈ ಮೇಲು.

ನಮ್ಮದು ರಾಯಚೂರು ಕಡೆಯ ಮನೆತನ. ಅಜ್ಜನ ಕಾಲಕ್ಕೇ ಸರ್ಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದು ಹಿಮಾಯತ್‌ನಗರದ ಗಲ್ಲಿಯೊಂದರಲ್ಲಿ ನೆಲೆಯೂರಿದವರು. ಹೊಸ್ತಿಲ ಹೊರಗೆ ತೆಲುಗು, ಹಿಂದಿ, ಒಳಗೆ ಕನ್ನಡ. ಅಪ್ಪನೂ ಸರ್ಕಾರಿ ಗುಮಾಸ್ತರೇ ಆದರು. ಅವರ ಎಡಗೈಯಲ್ಲಿ ಮದುವೆಯ ದಿನ ಅವ್ವನ ಅಪ್ಪ ಕಟ್ಟಿದ ಚಾವಿಯ ವಾಚು. ಬೆಳಗ್ಗೆ ಸ್ನಾನ, ಪೂಜೆ ಮುಗಿಸಿ ಕಿಟಕಿಯ ಹತ್ತಿರ ನಿಂತು ಅದಕ್ಕೆ ಚಾವಿ ಕೊಡುವುದು ಅವರ ಪದ್ಧತಿ. ಇಪ್ಪತ್ತು ಸುತ್ತು. ಹತ್ತೊಂಬತ್ತಲ್ಲ, ಇಪ್ಪತ್ತೊಂದಲ್ಲ. ಅಷ್ಟು ಹೊತ್ತು ನಾವು ಮಕ್ಕಳು ಬಾಯಿ ಬಿಡುವಂತಿರಲಿಲ್ಲ, ಎಣಿಕೆ ತಪ್ಪುತ್ತದಂತೆ. ಅವರಿಗೆ ತಪ್ಪಿದರೂ ಅಡುಗೆಮನೆಯಲ್ಲಿದ್ದ ಅವ್ವನಿಗೆ ತಪ್ಪುತ್ತಿರಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಆ ಕಿರ್ ಕಿರ್ ಸದ್ದಿಗೆ ಕಿವಿಗೊಟ್ಟು, "ಹದಿನೆಂಟಾತ್ರೀ, ಸಾವಕಾಶ! ನಮ್ಮಪ್ಪನ ವಾಚ್ ಮುರದೀರಿ ಮತ್ತ!" ಎಂದು ಅಲ್ಲಿಂದಲೇ ಕೂಗುತ್ತಿದ್ದಳು.

ಓದು ಮುಗಿದ ಮೇಲೆ ನಾನು ನಾಚಾರಂನ ಒಂದು ಸಣ್ಣ ಕಾರ್ಖಾನೆಗೆ ಕೆಲಸಕ್ಕೆ ಸೇರಿದೆ. ಅಲ್ಲಿ ಕ್ವಾರ್ಟ್ಜ್ ಹರಳನ್ನು ತೆಳ್ಳಗೆ ಕೊಯ್ದು, ರೇಡಿಯೊ ಯಂತ್ರಗಳಿಗೆ ಬೇಕಾಗುವ ಬಿಲ್ಲೆಗಳನ್ನು ಮಾಡುತ್ತಿದ್ದರು. ಬಿಲ್ಲೆಗಳನ್ನು ಪರೀಕ್ಷೆ ಮಾಡುವ ಮೇಜು ನನ್ನದು. ನೋಡಲಿಕ್ಕೆ ಕಲ್ಲುಸಕ್ಕರೆಯ ಚೂರು. ಆದರೆ ಅದಕ್ಕೆ ಚೂರು ವಿದ್ಯುತ್ತು ತಾಗಿಸಿದರೆ ಸಾಕು, ನಡುಗಲು ಶುರುಮಾಡುತ್ತದೆ. ಎಷ್ಟು ಸಲ ನಡುಗಬೇಕೋ ಅಷ್ಟೇ ಸಲ, ಇವತ್ತೂ ಅಷ್ಟೇ, ನಾಳೆಯೂ ಅಷ್ಟೇ. ವಾಚಿನೊಳಗಿನ ಹರಳಂತೂ ಒಂದು ಸೆಕೆಂಡಿಗೆ ಮೂವತ್ತೆರಡು ಸಾವಿರದ ಏಳುನೂರ ಅರವತ್ತೆಂಟು ಸಲ ನಡುಗುತ್ತದೆ. ಅದನ್ನು ಅರ್ಧ, ಅರ್ಧದ ಅರ್ಧ ಎಂದು ಹದಿನೈದು ಸಲ ಅರ್ಧ ಮಾಡಿದರೆ ಉಳಿಯುವುದು ಒಂದು. ಆ ಒಂದಕ್ಕೆ ಸೆಕೆಂಡಿನ ಮುಳ್ಳು ಒಂದು ಹೆಜ್ಜೆ ಇಡುತ್ತದೆ. ಇದನ್ನು ತಿಳಿದುಕೊಂಡ ದಿನ ನನಗೆ ತಿಂದ ಅನ್ನ ಸೇರಲಿಲ್ಲ, ಅಷ್ಟು ಖುಷಿ.

ಮೊದಮೊದಲು ಇಂಥ ಗಡಿಯಾರ ಅಲಮಾರಿಯಷ್ಟು ದೊಡ್ಡದಿತ್ತಂತೆ, ಪ್ರಯೋಗಶಾಲೆ ಬಿಟ್ಟು ಹೊರಗೆ ಬರುತ್ತಿರಲಿಲ್ಲವಂತೆ. ಜಪಾನಿನವರು ಅದನ್ನು ಕುಗ್ಗಿಸಿ ಕುಗ್ಗಿಸಿ ಮಣಿಕಟ್ಟಿಗೆ ತಂದರು. ಚಾವಿಯ ವಾಚಿನಲ್ಲಿ ಹೆಸರು ಮಾಡಿದ್ದ ಸ್ವಿಸ್ ಕಾರ್ಖಾನೆಗಳು ಎಷ್ಟೋ ಬಾಗಿಲು ಹಾಕಿದವು. ನಮ್ಮ ಗಲ್ಲಿಗೆ ಮಾತ್ರ ಅದು ಬಂದದ್ದು ದುಬೈಯಿಂದ, ಪಕ್ಕದ ಮನೆಯ ಮಗನ ಸೂಟ್‌ಕೇಸಿನಲ್ಲಿ. ಒಂದು ಕಪ್ಪು ಡಬ್ಬಿ, ಒಳಗೆ ಅಂಕಿಗಳು, ಗುಂಡಿ ಒತ್ತಿದರೆ ದೀಪ. ನಾವೆಲ್ಲ ಸರದಿ ನಿಂತು ಒತ್ತಿ ಒತ್ತಿ ಎರಡೇ ವಾರದಲ್ಲಿ ಅದರ ಸೆಲ್ಲು ಖಾಲಿ ಮಾಡಿದ್ದೆವು. ನಾನು ಕೆಲಸಕ್ಕೆ ಹೋಗುವ ಹೊತ್ತಿಗೆ ಅಬಿಡ್ಸ್‌ನ ಅಂಗಡಿಗಳ ತುಂಬ ಮುಳ್ಳಿನ ಕ್ವಾರ್ಟ್ಜ್ ವಾಚುಗಳೇ. ನಾಚಾರಂ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಕಲಬುರಗಿ ಕಡೆಯ ಗಾರೆ ಕೆಲಸದವನ ಕೈಯಲ್ಲೂ ಮಂತ್ರಿಯ ಕೈಯಲ್ಲಿರುವಷ್ಟೇ ಖರೆ ಟೈಮು. ಅದೇ ನನಗೆ ಎಲ್ಲಕ್ಕಿಂತ ಹಿಡಿಸಿದ್ದು.

ಸಂಬಳ ಬಂದ ಸಂಜೆಯೇ ಅಬಿಡ್ಸ್‌ಗೆ ಹೋಗಿ, ಬಿಳಿ ಮುಖದ, ಕಪ್ಪು ಪಟ್ಟಿಯ ಒಂದು ವಾಚು ತಂದು ಅಪ್ಪನ ಕೈಯಲ್ಲಿಟ್ಟೆ. ಅವರು ಅದನ್ನು ಕಿವಿಗೆ ಹಿಡಿದರು, ಬೋರಲು ಹಾಕಿದರು, ಮತ್ತೆ ಕಿವಿಗೆ ಹಿಡಿದರು.

"ಚಾವಿ ಎಲ್ಲಿ ಕೊಡೂದು?"

"ಚಾವಿ ಬ್ಯಾಡಪ್ಪಾ. ಅದು ತಾನ ನಡೀತೈತಿ."

"ತಾನ ನಡೀತೈತಿ?"

ಹೇಳದೆ ಕೇಳದೆ ಮನೆಗೆ ಬಂದ ಅಳಿಯನನ್ನು ನೋಡುವ ಹಾಗೆ ನೋಡಿದರು. ಆದರೂ ಮರುದಿನ ಅದನ್ನೇ ಕಟ್ಟಿಕೊಂಡು ಆಫೀಸಿಗೆ ಹೋದರು. ಹಳೆಯದು ಕರವಸ್ತ್ರದಲ್ಲಿ ಸುತ್ತಿಕೊಂಡು ಅಲಮಾರಿ ಸೇರಿತು. ನಾನು ಹಿಗ್ಗಿ ಹೀರೇಕಾಯಿಯಾದೆ. ಅಲಮಾರಿ ಸೇರಿದ್ದು ಅವ್ವನ ಅಪ್ಪನ ವಾಚು ಎಂಬುದು ನನಗೆ ಹೊಳೆಯಲೇ ಇಲ್ಲ. ಇಪ್ಪತ್ತೆರಡರ ಹುಡುಗಿಗೆ ತನ್ನದು ಬಿಟ್ಟು ಬೇರೇನು ಹೊಳೆಯುತ್ತದೆ?

ವಾರದಲ್ಲೇ ಜಗಳ ಶುರುವಾಯಿತು. ರಾತ್ರಿ ಊಟ ಮುಗಿದದ್ದೇ ಅಪ್ಪ ವಾಚಿನ ಗುಂಡಿಯನ್ನು ಹೊರಗೆಳೆದು ಅದನ್ನು ನಿಲ್ಲಿಸಿಡತೊಡಗಿದರು. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗಿದರೆ ಮನೆ ಹತ್ತಿ ಉರಿದಂತೆ ಓಡಿಬರುವ ಮನುಷ್ಯ ಅವರು.

"ನಿದ್ದಿ ಮಾಡೋವಾಗ ವಾಚ್ ಯಾರ್ ನೋಡ್ತಾರ? ಸುಮ್ಮ ಸುಮ್ಮನ ಸೆಲ್ ಯಾಕ ಸುಡಬೇಕು?"

"ಅಪ್ಪಾ, ಅದನ್ನ ನಿಲ್ಲಿಸಬಾರದ್ರಿ. ನಿಲ್ಲದೆ ನಡಿಯೋದ ಅದರ ಹೆಚ್ಚುಗಾರಿಕಿ!"

"ಮನಶಾಗ ನಿದ್ದಿ ಬೇಕು, ಎತ್ತಿಗೆ ನಿದ್ದಿ ಬೇಕು. ನಿನ್ನ ಹರಳಿಗೆ ಬ್ಯಾಡೇನು?"

ಬೆಳಗ್ಗೆ ಎದ್ದು ಮತ್ತೆ ಟೈಮು ಹಚ್ಚಿ ಗುಂಡಿ ಒತ್ತುತ್ತಿದ್ದರು. ಅಷ್ಟರಲ್ಲಿ ನಾನು ಬಸ್ಸಿನಲ್ಲಿರುತ್ತಿದ್ದೆ. ರೇಡಿಯೊ ನೋಡಿ ಹಚ್ಚುತ್ತಾರೆ ಎಂದುಕೊಂಡಿದ್ದೆ. ಆದರೆ ವಾಚು ವಿಚಿತ್ರವಾಗಿ ಆಡತೊಡಗಿತು. ಸೋಮವಾರ ಸರಿಯಿರುತ್ತಿತ್ತು. ಬುಧವಾರಕ್ಕೆ ಒಂದು ನಿಮಿಷ ಹಿಂದೆ. ಶನಿವಾರಕ್ಕೆ ಬರೋಬ್ಬರಿ ಮೂರು ನಿಮಿಷ ಹಿಂದೆ. ಸೋಮವಾರ ಮತ್ತೆ ಸರಿ! ಅಪ್ಪನಿಗೆ ಹಬ್ಬ. "ಯಾಕೋ ನಿನ್ನ ಹರಳು ವಾರಪೂರ್ತಿ ದುಡದು ಸುಸ್ತಾಗೈತಿ ನೋಡು" ಎಂದು ಅವರು ನಗುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹರಳು ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುವವಳಿಗೇ ಈ ಮಾತು!

ಅಬಿಡ್ಸ್‌ನಲ್ಲಿ ಅಂಚೆ ಕಚೇರಿಯ ಹತ್ತಿರ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಿದ್ದ ಒಬ್ಬ ಮುದಿ ಘಡಿಸಾಜ್, ಅಂದರೆ ವಾಚು ರಿಪೇರಿಯವರು, ಇದ್ದರು. ಅಪ್ಪನ ಹಳೆಯ ವಾಚಿಗೆ ಎಣ್ಣೆ ಹಾಕುತ್ತಿದ್ದವರೂ ಅವರೇ. ನಾನು ಒಯ್ದುಕೊಟ್ಟ ವಾಚನ್ನು ಅವರು ಒಂದು ವಾರ ಇಟ್ಟುಕೊಂಡು ನೋಡಿ, ವಾಪಸು ಕೊಡುವಾಗ ತಮ್ಮ ದಖನಿ ಉರ್ದುವಿನಲ್ಲಿ ಹೇಳಿದರು: "ಮೆಷಿನ್ ಬರಾಬರ್ ಹೈ ಬೇಟಿ. ಗಡ್‌ಬಡ್ ಘರ್ ಮೇ ಹೈ." ಯಂತ್ರ ಸರಿಯಿದೆಯಂತೆ, ಎಡವಟ್ಟು ಮನೆಯಲ್ಲಿದೆಯಂತೆ! ನಮ್ಮ ಮನೆಯ ಸುದ್ದಿ ಇವರಿಗ್ಯಾಕೆ ಎಂದು ಸಿಟ್ಟು ಬಂತು. ಸಲಾಮನ್ನೂ ಹೇಳದೆ ಬಂದೆ.

ಆಮೇಲೆ ನನ್ನ ಮದುವೆಯಾಗಿ ನಾಚಾರಂನಲ್ಲೇ ಮನೆ ಮಾಡಿದೆ. ಅಪ್ಪ ನಿವೃತ್ತರಾದರು. ವಾಚಿಗೆ ಎಷ್ಟು ಪಟ್ಟಿ, ಎಷ್ಟು ಸೆಲ್ಲು ಬದಲಾದವೋ ಲೆಕ್ಕವಿಲ್ಲ. ನಾನು ಹೋದಾಗಲೆಲ್ಲ, "ವಾಚ್ ಹೆಂಗೈತ್ರಿ ಅಪ್ಪಾ?" ಎಂದು ಕೇಳುತ್ತಿದ್ದೆ. "ನಡದೈತಿ" ಎನ್ನುತ್ತಿದ್ದರು. ಅಷ್ಟೇ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಅವ್ವನ ಪಿತ್ತಕೋಶದಲ್ಲಿ ಕಲ್ಲಾಗಿ ಆಪರೇಷನ್ ಮಾಡಿಸಬೇಕಾಯಿತು. ಸೋಮವಾರ ಬೆಳಗ್ಗೆ ಆಸ್ಪತ್ರೆಗೆ ಸೇರಿಸಿದೆವು. ಜೊತೆಗೆ ನಾನೇ ಉಳಿದೆ. ಬುಧವಾರ ಮನೆಗೆ ಕಳಿಸುವವರಿದ್ದರು. ಊಟ, ಔಷಧದ ವಿಷಯ ಮನೆಯವರಿಗೆ ಹೇಳಬೇಕು, ಒಂಬತ್ತಕ್ಕೆ ಎಲ್ಲರೂ ಇರಿ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಜೀವಮಾನದಲ್ಲಿ ಎಲ್ಲಿಗೂ ತಡವಾಗಿ ಹೋದವರಲ್ಲ.

ಒಂಬತ್ತಾಯಿತು. ಒಂಬತ್ತೂವರೆಯಾಯಿತು. ಡಾಕ್ಟರು ಬಂದು ಹೇಳಿ ಹೋದರು. ಮನೆಗೆ ಫೋನ್ ಮಾಡಿದರೆ ಅಪ್ಪ ಎತ್ತಲಿಲ್ಲ. ಹತ್ತಕ್ಕೆ ಮತ್ತೊಮ್ಮೆ ಮಾಡಿದೆ, ಆಗಲೂ ಇಲ್ಲ. ಎಂಬತ್ತು ದಾಟಿದವರು, ಮನೆಯಲ್ಲಿ ಒಬ್ಬರೇ. ಅವ್ವ ನನ್ನ ಕೈ ಹಿಡಿದುಕೊಂಡು, "ಅವರು ತಡಾ ಮಾಡೋ ಮನಶಾ ಅಲ್ಲವ್ವಾ. ನೀ ಮನಿಗೆ ಹೋಗಿ ನೋಡು, ನನಗ ಭಾಳ ಅಂಜಿಕಿ ಆಗಾಕತ್ತೈತಿ" ಎಂದಳು.

ಚಪ್ಪಲಿ ಮೆಟ್ಟುತ್ತಿದ್ದೆ. ಬಾಗಿಲಲ್ಲಿ ಅಪ್ಪ! ಇಸ್ತ್ರಿ ಅಂಗಿ, ಕೈಯಲ್ಲಿ ಉಪ್ಪಿಟ್ಟಿನ ಡಬ್ಬಿ. ಮಣಿಕಟ್ಟು ನೋಡಿಕೊಂಡು, "ಒಂಬತ್ತಕ್ಕ ಐದ್ ಕಮ್ಮಿ. ಡಾಕ್ಟರ್ ಬಂದಿಲ್ಲಲ್ಲ ಇನ್ನ?" ಎಂದರು, ಭಾರೀ ಗತ್ತಿನಲ್ಲಿ.

ಗೋಡೆಯ ಗಡಿಯಾರ ಹತ್ತು ಇಪ್ಪತ್ತು ತೋರಿಸುತ್ತಿತ್ತು. ಅಪ್ಪ ಅದನ್ನು ನೋಡಿದರು, ತಮ್ಮ ವಾಚು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಕೈ ಕೊಡ್ತಲ್ಲ ನಿನ್ನ ವಾಚು!"

ನನಗೆ ತಡೆಯಲಾಗಲಿಲ್ಲ. "ಮೂವತ್ತು ವರ್ಷ ಆತು, ಅದನ್ನ ಬಯ್ಯೋದ ಆತು! ಅದರದೇನ ತಪ್ಪೈತ್ರಿ?" ಎಂದು ಆಸ್ಪತ್ರೆಯೆಂಬುದನ್ನೂ ಮರೆತು ಕೂಗಾಡಿದೆ.

ಅವ್ವ ಮಲಗಿದ್ದಲ್ಲಿಂದಲೇ ಮೆಲ್ಲಗೆ ಕೇಳಿದಳು: "ರೀ, ಇವತ್ತ ಅದಕ್ಕ ಟೈಮ್ ಯಾವದ್ ನೋಡಿ ಹಚ್ಚಿದ್ರಿ?"

"ಯಾವಾಗಲೂ ಹಚ್ಚಿದಂಗ. ಅಲಮಾರಿದಾಗಿನ ವಾಚ್ ನೋಡಿ. ಏಳೂ ಇಪ್ಪತ್ತಾಗಿತ್ತು."

"ಅದಕ್ಕ ಚಾವಿ ಯಾರ್ ಕೊಟ್ರು?"

ಅಪ್ಪ ಡಬ್ಬಿ ಹಿಡಿದುಕೊಂಡೇ ನಿಂತರು. "ಚಾವಿ?" ಎಂದರು. ಇಪ್ಪತ್ತೈದು ವರ್ಷ ದಿನಾ ಇಪ್ಪತ್ತು ಸುತ್ತು ಎಣಿಸಿ ಚಾವಿ ಕೊಟ್ಟ ಮನುಷ್ಯ, ಆ ಪದವನ್ನು ಮೊದಲ ಸಲ ಕೇಳಿದವರ ಹಾಗೆ.

ಅವ್ವ ನಗತೊಡಗಿದಳು. ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, "ಅಯ್ಯ ಶಿವನ, ನಗಸಬ್ಯಾಡ್ರಿ, ಹೊಲಿಗಿ ಬಿಚ್ಚತಾವು!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಸುಧಾರಿಸಿಕೊಂಡು ನನ್ನ ಕಡೆ ತಿರುಗಿ ಹೇಳಿದಳು. ನಾನು ಹೊಸ ವಾಚು ತಂದ ಮರುದಿನದಿಂದ, ಯಾರೂ ಏಳುವ ಮೊದಲು, ಅಲಮಾರಿ ತೆಗೆದು ಹಳೆಯ ವಾಚಿಗೆ ಇಪ್ಪತ್ತು ಸುತ್ತು ಕೊಡುತ್ತಿದ್ದವಳು ಅವಳು. ಅದು ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುತ್ತದೆಂದು ಭಾನುವಾರಕ್ಕೊಮ್ಮೆ ಟಿ.ವಿ. ವಾರ್ತೆ ನೋಡಿ ಸರಿ ಮಾಡುತ್ತಿದ್ದಳು. ಸೋಮವಾರ ಆಸ್ಪತ್ರೆಗೆ ಹೊರಡುವಾಗಲೂ ಚಾವಿ ಕೊಟ್ಟೇ ಬಂದಿದ್ದಳು. ಅದು ಮಂಗಳವಾರ ಸಂಜೆಯತನಕ ನಡೆದು ಏಳೂ ಇಪ್ಪತ್ತಕ್ಕೆ ನಿಂತಿತ್ತು. ಅವ್ವನಿಲ್ಲದ ಮನೆಯಲ್ಲಿ ನಿದ್ದೆ ಬಾರದೆ ತಡವಾಗಿ ಎದ್ದ ಅಪ್ಪ, ಅದನ್ನೇ ನಂಬಿ ನಿಧಾನವಾಗಿ ಉಪ್ಪಿಟ್ಟು ಕೆದಕಿದ್ದರು.

"ನಮ್ಮಪ್ಪ ಕೊಟ್ಟದ್ದು. ಅದು ನಿಂತುಬಿಡೂದು ನನಗ ಸೇರಲಿಲ್ಲ. ನೀ ಪ್ರೀತಿಲೆ ತಂದದ್ದು, ಕಟ್ಟಿಕೋಬ್ಯಾಡ್ರಿ ಅಂತ ಅನ್ನಾಕೂ ಬಾಯಿ ಬರಲಿಲ್ಲ" ಎಂದಳು.

"ನಾ ಅದು ತಾನ ನಡದೈತಿ ಅಂದ್ಕೊಂಡಿದ್ದೆ" ಎಂದರು ಅಪ್ಪ.

"ಹೌದ್ರಿ. ಮನೀನೂ ತಾನ ನಡದೈತಲ್ಲ."

ಅಪ್ಪ ಡಬ್ಬಿ ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕುಳಿತರು. ಶನಿವಾರದ ಮೂರು ನಿಮಿಷ ನನಗೆ ಆಗ ಅರ್ಥವಾಯಿತು. ಮೂವತ್ತೆರಡು ಸಾವಿರ ಸಲ ನಡುಗುವ ನನ್ನ ಹರಳು, ಮೂವತ್ತು ವರ್ಷ ಅವ್ವನ ಅಪ್ಪನ ಚಾವಿಯ ವಾಚಿನ ಹಿಂದೆ ಬಾಲ ಹಿಡಿದುಕೊಂಡು ನಡೆದಿತ್ತು. ಎಡವಟ್ಟು ಮನೆಯಲ್ಲೇ ಇತ್ತು, ಘಡಿಸಾಜ್ ಸರಿಯಾಗೇ ಹೇಳಿದ್ದರು. ನನಗೆ ನಗು ಬಂತು, ಅವ್ವನ ಮುಖ ನೋಡಿ ಅಳುವೂ ಬಂತು. ಅಪ್ಪನ ಹೊಗಳಿಕೆಗೆಂದು ಕಾದ ಅಷ್ಟು ವರ್ಷದಲ್ಲಿ ನಾನು ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಅವ್ವನನ್ನು ಮನೆಗೆ ಕರೆತಂದು ನಾನೂ ಅಲ್ಲೇ ಉಳಿದೆ. ಆಸ್ಪತ್ರೆಯ ಗಡಿಯಾರ ನೋಡಿ ವಾಚಿಗೆ ಸರಿ ಟೈಮು ಹಚ್ಚಿದ್ದ ಅಪ್ಪ ಆ ರಾತ್ರಿ ಗುಂಡಿ ಎಳೆಯಲಿಲ್ಲ. ಮರುದಿನ ಬೆಳಗ್ಗೆ ನಾನು ಅವ್ವನಿಗೆ ಚಹಾ ತಂದಾಗ ಅವರು ಹಳೆಯ ವಾಚು ಹಿಡಿದುಕೊಂಡು ಅವಳ ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ತಮ್ಮ ಮಣಿಕಟ್ಟು ನೋಡಿ ಅದಕ್ಕೆ ಟೈಮು ಹಚ್ಚುತ್ತ, ನನ್ನ ಕಡೆ ತಿರುಗದೆಯೇ, "ಭಾನುವಾರದ ತನಕ ಯಾಕ ಕಾಯಬೇಕು? ನಿನ್ನ ವಾಚ್ ಐತೆಲ್ಲ. ಛಲೋ ಐತಿ" ಎಂದರು.

ಬಂದೇ ಬಿಟ್ಟಿತು ಆ ಮಾತು. ಅದನ್ನು ಸಂಭ್ರಮಿಸುವಷ್ಟರಲ್ಲಿ ಅಪ್ಪ ಚಾವಿ ಕೊಡಲು ಶುರುಮಾಡಿ, ಅವಳಿಗೆ ಕೇಳಲೆಂದು ಗಟ್ಟಿಯಾಗಿ ಎಣಿಸತೊಡಗಿದ್ದರು. ನಾನು ಚಿಕ್ಕಂದಿನ ಹಾಗೆ ಬಾಯಿ ಮುಚ್ಚಿಕೊಂಡು ನಿಂತೆ. ಹದಿನಾರು. ಹದಿನೇಳು. ಅವ್ವ ಕಣ್ಣು ಮುಚ್ಚಿಕೊಂಡೇ ಇದ್ದಳು.

"ಹದಿನೆಂಟಾತ್ರೀ, ಸಾವಕಾಶ" ಎಂದಳು.

ಅಪ್ಪ ಕೈ ನಿಧಾನ ಮಾಡಿದರು.