ಸದ್ದಿಲ್ಲದ ಡಿಸ್ಕು

ಮದುವೆ ಆಲ್ಬಮ್‌ಗಳ ಪುಟ ಜೋಡಿಸುವ ಆ ಹೆಂಗಸನ್ನು ಮನೆಯವರು ಬೆನ್ನ ಹಿಂದೆ ‘ಪತ್ತೇದಾರಮ್ಮ’ ಎನ್ನುತ್ತಿದ್ದರು. ಎದುರಿಗೇ ಹಾಗೆ ಕರೆಯುವ ಧೈರ್ಯ ಮೈದುನನಿಗೆ ಮಾತ್ರ ಇತ್ತು. ಹಾಲಿನವನು ಅಳೆದು ಕೊಟ್ಟ ಹಾಲನ್ನು ಅವಳು ಮನೆಯ ಲೋಟದಲ್ಲಿ ಮತ್ತೆ ಅಳೆಯುತ್ತಿದ್ದಳು. ಬೀಗ ಹಾಕಿದ ಮೇಲೆ ಅದನ್ನೊಮ್ಮೆ ಜಗ್ಗಿ ನೋಡದೆ ಮೆಟ್ಟಿಲು ಇಳಿದವಳಲ್ಲ. ಮದುವೆಗೆ ಮುಂಚೆ ಅವಳು ಫೋಟೋ ಲ್ಯಾಬಿನ ಕತ್ತಲೆ ಕೋಣೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಯಾರೋ ಬಾಗಿಲು ತೆರೆದು, ಬೆಳಕು ಬಿಟ್ಟು ಇಡೀ ಫಿಲ್ಮ್ ರೋಲ್ ಹಾಳು ಮಾಡಿ, ತಪ್ಪನ್ನು ಅವಳ ತಲೆಗೆ ಕಟ್ಟಿದ್ದರು. ಈ ಗುಣ ಆಮೇಲೆ ಬಂತು ಎನ್ನುತ್ತಾನೆ ಗಂಡ. ಹುಟ್ಟಿನಿಂದಲೇ ಬಂದದ್ದು ಎನ್ನುತ್ತಾನೆ ಮೈದುನ.

ಈಗ ಕೆಲಸವೆಲ್ಲ ಅಡುಗೆಮನೆಯ ಪಕ್ಕದ ಮೇಜಿನ ಮೇಲೆ, ಹಳೆಯ ಲ್ಯಾಪ್‌ಟಾಪಿನಲ್ಲಿ. ಗುಂಡಿ ಒತ್ತಿ ಅಕ್ಕಿ ತೊಳೆಯಲು ಹೋದರೆ, ಕುಕ್ಕರ್ ಕೂಗುವ ಹೊತ್ತಿಗೆ ಅದೂ ಎದ್ದು ಕೂತಿರುತ್ತಿತ್ತು. ಒಳಗೆ ತಿರುಗುವ ಹಾರ್ಡ್ ಡಿಸ್ಕಿನ ಗುರುಗುರು ಅವಳಿಗೆ ನಾಡಿಬಡಿತವಿದ್ದಂತೆ. ಪುಟ ಸೇವ್ ಮಾಡುವಾಗ ಸದ್ದು ಏರುತ್ತಿತ್ತು, ಆಮೇಲೆ ತಣ್ಣಗಾಗುತ್ತಿತ್ತು. ತಣ್ಣಗಾಗುವವರೆಗೆ ಅವಳು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಸ್ಟುಡಿಯೋ ಮಾಲೀಕನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಆಲ್ಬಮ್‌ಗಳು ಮೇಲಿಂದ ಮೇಲೆ ತಡವಾದಾಗ, ಕೈಯಲ್ಲಿರುವುದೂ ತಡವಾದರೆ ಕೆಲಸ ಬೇರೆಯವರ ಪಾಲಾಗುತ್ತದೆ ಎಂದು ನಯವಾಗಿಯೇ ತಿಳಿಸಿದ. ಅವಳಿಗೆ ಕೆಲಸ ಕೊಡುವ ಸ್ಟುಡಿಯೋ ಅದೊಂದೇ.

ಹಾರ್ಡ್ ಡಿಸ್ಕ್ ತೆಗೆಸಿ ಅದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿ ಎಂದ ಮೈದುನ. ತಿರುಗುವ ತಟ್ಟೆ ಇಲ್ಲ, ಅದನ್ನು ಓದುವ ಮುಳ್ಳಿಲ್ಲ, ಬರೀ ಚಿಪ್; ಕಣ್ಣು ಮಿಟುಕಿಸುವಷ್ಟರಲ್ಲಿ ಫೋಟೋ ತೆರೆದುಕೊಳ್ಳುತ್ತದೆ ಎಂದು ವಿವರಿಸಿದ. ಹಳೆಯದಕ್ಕಿಂತ ಬೆಲೆ ಹೆಚ್ಚು, ಫೋಟೋ ತುಂಬುವ ಜಾಗ ಅರ್ಧ ಎಂಬುದು ಅವಳು ಕೆದಕಿದ ಮೇಲೆ ಹೊರಬಿತ್ತು.

“ದುಡ್ಡು ಜಾಸ್ತಿ, ಜಾಗ ಕಮ್ಮಿ. ನನ್ನ ಕಿವಿ ಮೇಲೆ ಹೂ ಇಡೋಕೆ ಬಂದಿದೀಯಾ?”

ಮೈದುನನೂ ಲ್ಯಾಪ್‌ಟಾಪ್ ರಿಪೇರಿಯವನೂ ಒಂದೇ ಬೆಂಚಿನಲ್ಲಿ ಟೀ ಕುಡಿಯುವುದನ್ನು ಅವಳು ಕಂಡಿದ್ದಳು. ಇದರಲ್ಲಿ ನಿನಗೆಷ್ಟು ಬಿತ್ತು ಎಂದು ಕೇಳಿಯೂಬಿಟ್ಟಳು.

“ಒಂದು ಟೀ, ಅತ್ತಿಗೆ. ಅದೂ ನಾನೇ ಕೊಡಿಸಿದ್ದು.”

ಬೇರೆ ದಾರಿ ಇರಲಿಲ್ಲ, ರಿಪೇರಿ ಅಂಗಡಿಗೆ ಹೋದಳು. ರಿಪೇರಿಯವನು ಸ್ಕ್ರೂ ಬಿಚ್ಚುವಾಗ ಎದುರಿನ ಸ್ಟೂಲಿನಲ್ಲಿ ಕೂತು, ಬಿಚ್ಚಿದ ಒಂದೊಂದನ್ನೂ ಅವನು ಎಲ್ಲಿಡುತ್ತಾನೆ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಹೊಸ ಡಿಸ್ಕು ಅಂಗೈಯಲ್ಲಿ ಬೆಂಕಿಪೊಟ್ಟಣದಷ್ಟೇ ಹಗುರವಾಗಿತ್ತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಏನೂ ಕೇಳಿಸಲಿಲ್ಲ. ಫೋಟೋಗಳನ್ನು ಮಾತ್ರ ಮುಟ್ಟಕೂಡದು ಎಂದು ತಾಕೀತು ಮಾಡಿದ್ದರಿಂದ, ಅವನು ಹಳೆಯ ಡಿಸ್ಕನ್ನು ಹಾಗೇ ಒಂದು ಡಬ್ಬಿಗೆ ಹಾಕಿ, ಲ್ಯಾಪ್‌ಟಾಪಿಗೆ ಚುಚ್ಚುವ ವೈರಿನೊಂದಿಗೆ ಕೊಟ್ಟ.

ಮನೆಯಲ್ಲಿ ಗುಂಡಿ ಒತ್ತಿದರೆ, ಅಕ್ಕಿ ಡಬ್ಬದ ಮುಚ್ಚಳ ತೆಗೆಯುವಷ್ಟರಲ್ಲಿ ಲ್ಯಾಪ್‌ಟಾಪು ಸಿದ್ಧವಾಗಿತ್ತು. ಇಷ್ಟು ಬೇಗ ಎಂದರೆ ಏನನ್ನೋ ಬಿಟ್ಟುಬಂದಿರಬೇಕು ಎಂದುಕೊಂಡಳು. ಆಲ್ಬಮ್ ತೆರೆದಾಗ ಅನುಮಾನ ಗಟ್ಟಿಯಾಯಿತು: ಫೋಟೋಗಳು ಮೊದಲಿನಂತೆಯೇ ತೆವಳುತ್ತಿದ್ದವು. ಪಕ್ಕದ ಡಬ್ಬಿಯಲ್ಲಿ ಹಳೆಯ ಡಿಸ್ಕು ಗುರುಗುಡುತ್ತಿತ್ತು. ಸದ್ಯ ಇದೊಂದಾದರೂ ದುಡಿಯುತ್ತಿದೆಯಲ್ಲ ಎಂದು ಅವಳಿಗೆ ಸಮಾಧಾನ. ವಾರವೆಲ್ಲ ಹಾಗೇ ಎಳೆದಾಡಿ, ಗಡುವು ಕುತ್ತಿಗೆಗೆ ಬಂದಾಗ, ಟೋಪಿ ಹಾಕಿದವನ ನೀರಿಳಿಸಲು ಮೈದುನನನ್ನೂ ಎಳೆದುಕೊಂಡು ಅಂಗಡಿಗೆ ಹೊರಟಳು.

ರಿಪೇರಿಯವನು ಪರದೆಯನ್ನು ನೋಡಿ, ಡಬ್ಬಿಯನ್ನು ನೋಡಿದ. “ಅಕ್ಕ, ಫೋಟೋ ಎಲ್ಲ ಎಲ್ಲಿಟ್ಟಿದೀರಾ?”

“ಹಳೇದ್ರಲ್ಲಿ.”

“ಮತ್ತೆ ಹೊಸದ್ರಲ್ಲಿ?”

“ಏನೂ ಇಲ್ಲ. ಅದು ಉಸಿರೇ ಬಿಡಲ್ಲ, ಯಾವ ಧೈರ್ಯದ ಮೇಲೆ ಇಡೋದು?”

“ಹೊಸ ಬೀರು ತಂದು, ಬಟ್ಟೆನೆಲ್ಲ ಹಳೇ ಟ್ರಂಕಲ್ಲೇ ಇಟ್ಟಂಗಾಯ್ತು,” ಎಂದ ಮೈದುನ. ಅತ್ತಿಗೆಯ ನೋಟಕ್ಕೆ ನಗು ಅರ್ಧಕ್ಕೇ ನಿಂತಿತು.

ತಪ್ಪು ತನ್ನದೇ ಎಂದು ತಿಳಿದರೂ ಅವಳು ಸೋಲಲಿಲ್ಲ. “ಇದನ್ನ ಹೊಗಳಿದ್ದೆಲ್ಲ ಕೇಳಿದೀನಿ. ಇದರ ಐಬು ಏನು, ಅದನ್ನ ಹೇಳು.”

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. “ಹಳೇದು ಕೆಡೋ ಮುಂಚೆ ಸಾಮಾನ್ಯವಾಗಿ ಕಟಕಟ ಅನ್ನುತ್ತೆ, ಗೊತ್ತಾಗುತ್ತೆ. ಇದು ಹೇಳದೆ ಕೇಳದೆ ಹೋಗಿಬಿಡಬಹುದು. ಹೋದ್ಮೇಲೆ ಒಳಗಿರೋದನ್ನ ತೆಗೆಯೋದು ನನ್ನ ಕೈಲಾಗಲ್ಲ. ಕೈಜಾರಿ ಬಿದ್ರೆ ಇದು ತಡೆಯುತ್ತೆ, ಹಳೇದು ತಡೆಯೋದು ಕಷ್ಟ. ನಂಬೋದಾದ್ರೆ ಎರಡನ್ನೂ ಪೂರ್ತಿ ನಂಬಬೇಡಿ.”

ಈ ವ್ಯವಹಾರದಲ್ಲಿ ಅವಳ ಮನಸ್ಸಿಗಿಳಿದ ಮೊದಲ ಮಾತು ಅದು. ಅಲ್ಲೇ, ಅವಳ ಕಣ್ಣೆದುರಿಗೇ, ಅರೆಬರೆ ಆಲ್ಬಮ್ ಹೊಸ ಡಿಸ್ಕಿಗೆ ಬಂತು. ಪುಟ ಒತ್ತಿದರೆ ತಕ್ಷಣ ತೆರೆಯಿತು. ಮುಚ್ಚಿ ಮತ್ತೆ ತೆರೆದಳು. ಅಂದಿನಿಂದ ಕೆಲಸ ಹೊಸದರಲ್ಲಿ. ಮೇಜು ಬಿಟ್ಟು ಏಳುವ ಮುಂಚೆ ಹಳೆಯದಕ್ಕೊಂದು ಪ್ರತಿ. ಆ ಪ್ರತಿಯಿಂದ ಒಂದು ಫೋಟೋ ತೆರೆದು ನೋಡಿದ ಮೇಲೇ ಒಲೆ ಹಚ್ಚುತ್ತಿದ್ದಳು.

ಆಲ್ಬಮ್ ಗಡುವಿಗೆ ಮುಂಚೆಯೇ ಸ್ಟುಡಿಯೋ ತಲುಪಿತು. ಮಾಲೀಕ ಹುಬ್ಬು ಗಂಟಿಕ್ಕಿದ.

“ಇಷ್ಟು ಬೇಗನಾ? ಯಾರ ಕೈಲಿ ಮಾಡಿಸಿದ್ಯಮ್ಮ?”

ಅವಳಿಗೆ ಬೇಸರವಾಗಲಿಲ್ಲ. ಅವನ ಜಾಗದಲ್ಲಿದ್ದರೆ ಅವಳೂ ಅದನ್ನೇ ಕೇಳುತ್ತಿದ್ದಳು. ಕುರ್ಚಿ ಎಳೆದುಕೊಂಡು, “ಒಂದೊಂದೇ ಪುಟ ನೋಡಿ ಸರ್, ಅವಸರವಿಲ್ಲ,” ಎಂದಳು. ಅವನು ಮದುಮಗಳ ರೆಪ್ಪೆಯಿಂದ ಹಿಡಿದು ಹಿಂದಿನ ಸಾಲಿನ ನೆಂಟರವರೆಗೆ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದ. ಎತ್ತಿ ತೋರಿಸಲು ಒಂದು ತಪ್ಪೂ ಸಿಗದೆ, ಮುಂದಿನ ಮದುವೆಯ ಫೋಟೋಗಳಿದ್ದ ಪೆನ್‌ಡ್ರೈವ್ ಚಾಚಿದ.

ಅವಳು ಅದನ್ನು ಚೀಲಕ್ಕೆ ಹಾಕಲಿಲ್ಲ. “ಎಲ್ಲ ಬಂದಿದಾವಾ ಅಂತ ಇಲ್ಲೇ ನೋಡ್ಕೊಂಡು ಹೋಗ್ತೀನಿ ಸರ್,” ಎಂದು ಅವನ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದಳು.