ಮಾವನ ಟ್ರಾಯಲ್ ಬಾಲ್

ನನ್ನ ಸೋದರಮಾವನ ಬೌಲಿಂಗ್ ಬಗ್ಗೆ ಘೋಡಗೇರಿಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಹೇಳುತ್ತಾರೆ. ಯಾಕೆಂದರೆ ಮಾವ ಅವರಿಗೆಲ್ಲ ಹೇಳಿಟ್ಟಿದ್ದಾನೆ. ಚಹಾದಂಗಡಿಯಲ್ಲಿ ಹೇಳಿದ್ದಾನೆ, ಮದುವೆಯ ಪಂಕ್ತಿಯಲ್ಲಿ ಹೇಳಿದ್ದಾನೆ, ಒಮ್ಮೆ ಯಾರದೋ ಮಣ್ಣಿಗೆ ಹೋದಾಗ ಹೆಣ ಎತ್ತುವ ಮೊದಲು ಸಿಕ್ಕ ಬಿಡುವಿನಲ್ಲಿಯೂ ಹೇಳಿದ್ದಾನೆ. ಕೊನೆಯ ಓವರಿನಲ್ಲಿ ಹುಕ್ಕೇರಿಯವರಿಗೆ ಐದು ರನ್ ಬೇಕಿತ್ತಂತೆ, ಉಳಿದದ್ದು ಒಂದೇ ವಿಕೆಟ್ ಅಂತೆ. ಬ್ಯಾಟು ಹಿಡಿದು ನಿಂತವನು ಸ್ವಂತ ಅಳಿಯನೇ ಅಂತೆ. ಆದರೂ ಮಾವ ರಕ್ತಸಂಬಂಧ ನೋಡದೆ ಮೊದಲ ಚೆಂಡಿಗೇ ಅವನ ಸ್ಟಂಪ್ ಹಾರಿಸಿ ಊರಿನ ಮಾನ ಉಳಿಸಿದನಂತೆ.

ಆ ಅಳಿಯ ನಾನೇ. ಮಾವನ ಎದುರಿಗೆ ನಾನು ‘ರಿ’ ಹಚ್ಚಿಯೇ ಮಾತಾಡುತ್ತೇನೆ. ಬರೆಯುವಾಗ ಹಚ್ಚುವುದಿಲ್ಲ, ಯಾಕೆಂದರೆ ಅವನ ಕಥೆಯಲ್ಲಿ ಒಂದು ಚೆಂಡು ಕಡಿಮೆಯಿದೆ.

ನಮ್ಮ ಕಡೆಯ ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ ಒಂದು ಪದ್ಧತಿ. ಹೊಸದಾಗಿ ಬಂದ ಬೌಲರನ ಮೊದಲ ಚೆಂಡು ಟ್ರಾಯಲ್. ಅದಕ್ಕೆ ಔಟೂ ಇಲ್ಲ, ರನ್ನೂ ಇಲ್ಲ. ಆದರೆ ಓಡಿ ಬರುವ ಮೊದಲೇ ‘ಟ್ರಾಯಲ್’ ಎಂದು ಕೂಗಬೇಕು. ಕೂಗದಿದ್ದರೆ ಲೆಕ್ಕಕ್ಕೆ ಬಂತು. ಅವತ್ತು ಮಾವ ಕೂಗಲಿಲ್ಲ. ಓಡಿ ಬಂದ, ಹಾಕಿದ, ನಾನು ಕಣ್ಣು ಮುಚ್ಚಿ ಬೀಸಿದೆ. ಜೀವಮಾನದಲ್ಲಿ ನಾನು ಹೊಡೆದ ಒಂದೇ ಒಂದು ಸಿಕ್ಸ್ ಅದು. ಚೆಂಡು ಇನ್ನೂ ಮೈದಾನದಾಚೆಯ ಕಬ್ಬಿನ ಮೇಲೆ ಹಾರುತ್ತಿರುವಾಗಲೇ ಮಾವನ ಕೈ ಮೇಲೆದ್ದಿತು.

“ಟ್ರಾಯಲ್! ಟ್ರಾಯಲ್ ಐತಿ ಅದು!”

ಅಂಪೈರ್ ಯಾರು? ಮಾವನ ಬಾಜೂ ಮನೆಯವನು. ಅವನು ಹೌದೆಂದು ತಲೆಯಾಡಿಸಿದ. ಬೇರೆ ಚೆಂಡು ತಂದರು, ಅದಕ್ಕೆ ನಾನು ಬೋಲ್ಡ್. ಊರಿನ ಮಾನ ಉಳಿದದ್ದು ಹೀಗೆ.

ಅಂದಿನಿಂದ ಘೋಡಗೇರಿ ತಂಡದ ಕೊನೆಯ ಓವರ್ ಮಾವನ ಆಸ್ತಿಯಾಯಿತು. ಕೂದಲು ಬೆಳ್ಳಗಾದರೂ ಬಿಡಲಿಲ್ಲ. ಈಗ ಅವನ ಬಲಗೈ ಕಿವಿಯ ಮಟ್ಟಕ್ಕೆ ಏಳುವುದಿಲ್ಲ, ಅಂಗಿ ತೆಗೆಯಲು ಅತ್ತೆಯೇ ಬರಬೇಕು. ಅಂಥ ಕೈಯಿಂದ ಹೊರಟ ಚೆಂಡು ಮೂರು ಸಲ ನೆಲ ಮುಟ್ಟಿ, ಬ್ಯಾಟುಗಾರನ ಯೋಗಕ್ಷೇಮ ವಿಚಾರಿಸಿ ಮುಂದೆ ಹೋಗುತ್ತದೆ. ಎದುರಿನ ತಂಡದವರು ಅವನ ಓವರಿಗಾಗಿ ಹಬ್ಬದೂಟಕ್ಕೆ ಕಾದಂತೆ ಕಾಯುತ್ತಾರೆ.

ಈ ಸಲ ಮೂಡಲಗಿಯಲ್ಲಿ ಫೈನಲ್ ಇತ್ತು. ತಂಡದ ಕ್ಯಾಪ್ಟನ್ ಟ್ರ್ಯಾಕ್ಟರ್ ಓಡಿಸುವ ಹುಡುಗ, ಒಳ್ಳೆಯವನು. ಧೈರ್ಯ ಮಾಡಿ ಹೇಳಿಯೇಬಿಟ್ಟ: “ಕಾಕಾ, ರವಿವಾರ ನೀವು ಅಂಪೈರ್ ನಿಂದರ್ರಿ. ಕೊನೀ ಓವರ್ ನಾ ಹಾಕ್ತೇನಿ.”

ಮಾವ ಊಟ ಬಿಟ್ಟ. ಅತ್ತೆ ನನಗೆ ಫೋನ್ ಮಾಡಿದಳು. “ನಿಮ್ಮ ಮಾವಗ ಏನರ ಒಂದು ದಾರಿ ಹಚ್ಚಪಾ. ರೊಟ್ಟಿ ಒಲ್ಲೆ ಅಂತಾರ, ಮಾರಿ ಗೋಡಿ ಕಡೆ ಮಾಡಿ ಮಲಗ್ಯಾರ.” ನಾನು ಅಂಗಡಿ ಮುಚ್ಚಿ ಹೋಗುವಷ್ಟರಲ್ಲಿ ಮಾವನೇ ಎದ್ದು ಕೂತು ದಾರಿ ಹುಡುಕಿ, ಕ್ಯಾಪ್ಟನ್ನನ್ನೂ ಕರೆಸಿದ್ದ. ಗೋಕಾಕದಲ್ಲಿ ಹೊಸದಾಗಿ ಬೌಲಿಂಗ್ ಆಟದ ಜಾಗ ತೆರೆದಿದ್ದರು. ಮಹಡಿಯ ಮೇಲೆ ಎರಡು ನುಣುಪಾದ ಹಾಸು, ಆ ತುದಿಗೆ ಹತ್ತು ಬಿಳಿ ಗೂಟ, ಚೆಂಡು ಉರುಳಿಸಿ ಕೆಡವಬೇಕು.

“ಬೌಲಿಂಗ್ ಅಂದ್ರ ಗುರಿ,” ಎಂದ ಮಾವ ಕ್ಯಾಪ್ಟನ್‌ಗೆ. “ಅಲ್ಲಿ ನಡಿ. ಒಂದು ಬಾಲ್ ನೀ, ಒಂದು ಬಾಲ್ ನಾ. ಗೆದ್ದಾಂವಗ ರವಿವಾರದ ಕೊನೀ ಓವರ್.”

ನನಗೆ ಕೂಡಲೇ ಹೊಳೆಯಿತು. ಆ ಆಟದಲ್ಲಿ ಕೈ ಭುಜದ ಮೇಲೆ ಹೋಗುವುದೇ ಇಲ್ಲ. ಎಲಾ ಕಳ್ಳ! ಕ್ಯಾಪ್ಟನ್ ಪಾಪ, ನಕ್ಕು ಒಪ್ಪಿದ. ಗಾಡಿ ನನ್ನದು, ಊರು ಹುಕ್ಕೇರಿ, ಎರಡೂ ಕಡೆಯವನಲ್ಲ ಎಂದು ನನ್ನನ್ನೇ ಅಂಪೈರ್ ಮಾಡಿದರು. ತಂಡದ ಇನ್ನಿಬ್ಬರು ಸಾಕ್ಷಿಗೆ ಬಂದರು, ಖರೆ ಹೇಳಬೇಕೆಂದರೆ ನಗಲಿಕ್ಕೆ.

ಅಲ್ಲಿ ಚಪ್ಪಲಿ ಬಿಡಿಸಿ ತಮ್ಮ ಬೂಟು ಕೊಡುತ್ತಾರೆ. “ಊರ ಮಂದಿ ಕಾಲ ಹಾಕಿದ್ದು,” ಎಂದು ಮೂಗು ಮುರಿಯುತ್ತಲೇ ಮಾವ ಹಾಕಿಕೊಂಡ. ಕ್ಯಾಪ್ಟನ್ ಮೊದಲು ಉರುಳಿಸಿದ. ಏಳು ಬಿದ್ದವು. ಆಮೇಲೆ ಮಾವ ಬಂದ. ಕಲ್ಲಿನಷ್ಟು ಭಾರದ ಆ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಪ್ಯಾಂಟಿಗೆ ತಿಕ್ಕಿದ. ಹೊಳಪು ಬರಬೇಕಲ್ಲ! ಬಾಜೂ ಹಾಸಿನಲ್ಲಿ ಆಡುತ್ತಿದ್ದ ಸಂಸಾರವೊಂದು ತನ್ನ ಆಟ ನಿಲ್ಲಿಸಿ ಇವನನ್ನೇ ನೋಡಿತು. ಮಾವ ಹತ್ತು ಗೂಟಗಳನ್ನು ದುರುಗುಟ್ಟಿ ನೋಡಿ, ಮಹಡಿಯೆಲ್ಲ ಕೇಳುವಂತೆ ಕೂಗಿದ:

“ಟ್ರಾಯಲ್!”

ಉರುಳಿಸಿದ. ಚೆಂಡು ಅವಸರವಿಲ್ಲದೆ ನಟ್ಟನಡುವೆ ಹೋಯಿತು. ಹತ್ತೂ ಬಿದ್ದವು. ಪರದೆಯ ಮೇಲೆ ಬಣ್ಣದ ದೀಪಗಳು ಕುಣಿದವು, ಎಲ್ಲಿಂದಲೋ ಚಪ್ಪಾಳೆಯ ಸದ್ದು ಬಂತು. ಮಾವ ಎರಡೂ ಕೈ ಎತ್ತಿದ. ಬಲಗೈ ಭುಜದವರೆಗೆ ಹೋಗಿ ನಿಂತಿತು.

“ಕಾಕಾ,” ಎಂದ ಕ್ಯಾಪ್ಟನ್ ಮೆಲ್ಲಗೆ, “ನೀವು ಟ್ರಾಯಲ್ ಅಂದ್ರೆಲ್ಲ?”

“ಏ, ಅದು ಬಾಯಾಗ ಬಂತು, ರೂಢಿ! ಮಷೀನ್ ನೋಡು, ಹತ್ತಕ್ಕ ಹತ್ತು ಹಿಡದೈತಿ. ಮಷೀನ್ ಸುಳ್ಳ ಹೇಳತೈತೇನ?”

ಎಲ್ಲರೂ ನನ್ನ ಮುಖ ನೋಡಿದರು. ಇಷ್ಟು ವರ್ಷ ನಾನು ಯಾವ ದೇವರಿಗೆ ಏನು ಬೇಡಿಕೊಂಡಿದ್ದೆನೋ, ಎಲ್ಲ ಒಟ್ಟಿಗೇ ಫಲಿಸಿತು.

“ಟ್ರಾಯಲ್ ರಿ ಮಾಮಾ,” ಎಂದೆ. “ಮತ್ತೊಂದು ಹಾಕ್ರಿ.”

ಮತ್ತೊಂದು ಹಾಕಿದ. ಅದು ಅರ್ಧ ದಾರಿಗೆ ಬೇಸರ ಬಂದಂತೆ ಹಾಸಿನ ಅಂಚಿನ ಕಾಲುವೆಗೆ ಇಳಿದು ಹೋಯಿತು. ಒಂದೂ ಬೀಳಲಿಲ್ಲ. ಹುಡುಗರು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದರು. ಮಾವ ನನ್ನ ರಟ್ಟೆ ಹಿಡಿದು ನೀರಿನ ಕ್ಯಾನಿನ ಹತ್ತಿರ ಎಳೆದೊಯ್ದ.

“ಲೇ ಅಳಿಯಾ, ಆ ಹತ್ತು ಕೊಡು.”

“ಹೆಂಗ ಕೊಡ್ಲಿ ರಿ ಮಾಮಾ? ನಿಮ್ಮದ ಕಾಯಿದೆ.”

ಅವನು ಅತ್ತಿತ್ತ ನೋಡಿ ದನಿ ಇಳಿಸಿದ. “ನಿನ್ನ ಸಿಕ್ಸ್ ಕೊಡ್ತೇನಿ. ಅವತ್ತ ನಾ ಮೊದಲ ಅಂದಿರಲಿಲ್ಲ. ಸಾಕೋ ಇಲ್ಲೋ?”

ಇಷ್ಟು ವರ್ಷ ನನ್ನನ್ನು ಎಲ್ಲರೆದುರು ನಗೆಪಾಟಲು ಮಾಡಿದವನು ಇಲ್ಲಿ, ಯಾರದೋ ಬೂಟಿನಲ್ಲಿ ನಿಂತು, ನನ್ನ ಸಿಕ್ಸನ್ನು ಚೌಕಾಸಿಗೆ ಇಟ್ಟಿದ್ದ. ಸಿಟ್ಟು ನೆತ್ತಿಗೇರಿತು.

“ಕೊಡ್ರಿ. ಆದ್ರ ಸಂದ್ಯಾಗ ನಿಂತಲ್ಲ. ಈ ಹುಡುಗರ ಮುಂದ ಹೇಳ್ರಿ, ಆಮ್ಯಾಲ ಘೋಡಗೇರಿ ಚಹಾದಂಗಡ್ಯಾಗ ಹೇಳ್ರಿ, ಆ ಮ್ಯಾಚ್ ಹುಕ್ಕೇರಿ ಗೆದ್ದಿತ್ತು ಅಂತ. ರವಿವಾರದ ಓವರ್ ನಿಮಗ.”

ನನ್ನ ಸಿಕ್ಸ್ ಕೊಟ್ಟರೆ ಮಾವನ ಆ ಹುಕ್ಕೇರಿ ಓವರ್ ಹೋಯಿತು. ಕೊಡದಿದ್ದರೆ ರವಿವಾರದ್ದು ಹೋಯಿತು, ಅದರೊಂದಿಗೆ ಮುಂದಿನವೂ ಎಲ್ಲ. ಎರಡೂ ಬೇಕು ಎಂಬ ಆಸೆ ಮುಖದ ಮೇಲೆಯೇ ಕಾಣುತ್ತಿತ್ತು. ಅವನು ಹೋಗಿ ಬೆಂಚಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚತೊಡಗಿದ. ಗಂಟು ಬಿಗಿದುಕೊಂಡಿತು. ಬಗ್ಗಿ ಬಿಡಿಸಲು ಕ್ಯಾಪ್ಟನ್ನೇ ಬಂದ.

“ಟ್ರಾಯಲ್ ಇತ್ತು,” ಎಂದ ಮಾವ, ತಲೆ ಎತ್ತದೆ.

“ಯಾವುದ್ರಿ?” ಎಂದೆ.

“ಎರಡೂ.”

ಗಾಡಿ ಹತ್ತಿ ವಾಪಸು ಹೊರಟೆವು. ನಾನು ಗೆದ್ದಿದ್ದೆ, ಆದರೂ ಸ್ಟೇರಿಂಗ್ ಹಿಡಿದ ಕೈಗೆ ಏಕೋ ಸಮಾಧಾನವಿರಲಿಲ್ಲ. ಧುಪದಾಳ ದಾಟಿದ ಮೇಲೆ ಕ್ಯಾಪ್ಟನ್‌ಗೆ ಕರುಣೆ ಬಂತು.

“ಕಾಕಾ, ಆ ಹುಕ್ಕೇರಿ ಓವರ್ ಹೇಳ್ರೆಲ್ಲ.”

ಹಿಂದಿನ ಸೀಟಿನಲ್ಲಿ ಮಾವ ಕಿಟಕಿಯಾಚೆ ನೋಡುತ್ತ ಶುರು ಮಾಡಿದ. ಐದು ರನ್ ಬೇಕಿತ್ತು, ಸ್ವಂತ ಅಳಿಯ ನಿಂತಿದ್ದ, ಎಲ್ಲ ಅದೇ. ಸ್ಟಂಪ್ ಹಾರುವ ಜಾಗ ಬಂತು. ಅಲ್ಲಿ ಅವನು ನಿಂತ. ಕನ್ನಡಿಯಲ್ಲಿ ನಮ್ಮಿಬ್ಬರ ಕಣ್ಣು ಕೂಡಿದವು.

“ಮೊದಲ ಒಂದು ಟ್ರಾಯಲ್ ಹಾಕಿದ್ನಿ,” ಎಂದ. “ಅದನ್ನ ಈ ಮಗಾ ಹೊಡದಾ.”

ನನ್ನ ಗೇರು ತಪ್ಪಿತು. ಗಾಡಿ ಜಗ್ಗಿತು. ಮಾವನ ಪಕ್ಕದ ಹುಡುಗರಿಬ್ಬರೂ ಅವನ ಕಡೆ ಬಗ್ಗಿದರು.

“ಎಷ್ಟ ದೂರ ಹೋತ್ರಿ ಕಾಕಾ?”

ಮಾವ ರಸ್ತೆಯ ಪಕ್ಕದ ಕಬ್ಬನ್ನು ಸ್ವಲ್ಪ ಹೊತ್ತು ನೋಡಿದ.

“ಬಾಲ್ ಇನ್ನೂ ಸಿಕ್ಕಿಲ್ಲ,” ಎಂದ.